ಮುಖ ನೀರಿಗಿಡಲು ಏನು ಬೇಕು

(ಬೇಸಿಗೆಯ ಈಜು ತರಬೇತಿ ಶುರುವಾಗುವ ಹಿಂದಿನ ಭಾನುವಾರ, ಹೊಸದಾಗಿ ಸೇರಿದವರ ಮತ್ತು ಮಕ್ಕಳನ್ನು ಸೇರಿಸಿದ ತಂದೆತಾಯಿಗಳ ಮುಂದೆ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಮಂಗಳವಾರ ನೀರಿಗಿಳಿಯುವವರೆಲ್ಲ ಇಲ್ಲಿ ಕೂತಿದ್ದೀರಿ. ಫಾರಂ ಕೊಡಲು ಬಂದಾಗ ಹೆಚ್ಚುಕಮ್ಮಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಏನೇನು ತರಬೇಕು?" ನಿಂತ ಕಾಲಲ್ಲಿ ನಾಲ್ಕು ಹೆಸರು ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಇವತ್ತು ಕೂರಿಸಿಕೊಂಡಿದ್ದೇನೆ.

ಹೋದ ಬೇಸಿಗೆಯಲ್ಲಿ ಏಳು ವರ್ಷದ ಒಬ್ಬ ಹುಡುಗ ಬಂದ. ಬೆನ್ನಿಗೆ ದೊಡ್ಡ ಚೀಲ. ಅವರಪ್ಪ ಒಂದೊಂದೇ ಸಾಮಾನು ತೆಗೆದು ಕಟ್ಟೆಯ ಮೇಲೆ ಜೋಡಿಸಿದರು. ತೋಳಿಗೆ ಗಾಳಿ ತುಂಬುವ ಬ್ಯಾಂಡು, ಸೊಂಟಕ್ಕೆ ಬಾತುಕೋಳಿ ಟ್ಯೂಬು, ಕಾಲಿಗೆ ಫಿನ್ಸ್, ಮೂಗಿಗೆ ಕ್ಲಿಪ್ಪು, ಕಿವಿಗೆ ಪ್ಲಗ್ಗು. ಮಗನ ಮೇಲಿನ ಪ್ರೀತಿ, ನೀರಿನ ಭಯ ಎರಡೂ ಆ ಸಾಲಿನಲ್ಲಿ ಕಾಣುತ್ತಿತ್ತು. ಗಾಗಲ್ಸ್ ಕೂಡ ಇತ್ತು, ಆದರೆ ದೊಡ್ಡವರ ಅಳತೆಯದು. ಹಾಕಿದರೆ ಮೂಗಿನ ಪಕ್ಕ ಬೆರಳು ತೂರುವಷ್ಟು ಸಂದು. ಎಂಟು ದಿನ ಆ ಹುಡುಗ ಮುಖ ನೀರಿಗಿಡಲಿಲ್ಲ. ಇಟ್ಟ ಕೂಡಲೇ ಗಾಜಿನೊಳಗೆ ನೀರು ತುಂಬುತ್ತಿತ್ತು, ಎದ್ದು ಕಣ್ಣುಜ್ಜಿಕೊಂಡು ಅಳುತ್ತಿದ್ದ. ಒಂಬತ್ತನೇ ದಿನ ನನ್ನ ಡ್ರಾಯರಿನಲ್ಲಿದ್ದ ಮಕ್ಕಳ ಗಾಗಲ್ಸ್ ಹಾಕಿಸಿದೆ. ಮೆಟ್ಟಿಲ ಮೇಲೆ, ಮೊಣಕಾಲುದ್ದದ ನೀರಿನಲ್ಲಿ ಎರಡು ರೂಪಾಯಿ ನಾಣ್ಯ ಹಾಕಿ, "ಹೆಡ್ಡೋ ಟೇಲೋ ನೋಡಿ ಹೇಳಪ್ಪ" ಅಂದೆ. ಬಗ್ಗಿದ, ನೋಡಿದ, ಎದ್ದು "ಟೇಲು" ಅಂದ. ಅಳಲಿಲ್ಲ. ಆ ವಾರ ಮುಗಿಯುವುದರೊಳಗೆ ಗೋಡೆ ಹಿಡಿದು ಕಾಲು ಬಡಿಯುತ್ತಿದ್ದ.

ನಾನು ಇವತ್ತು ಹೇಳುವುದೆಲ್ಲ ಆ ನಾಣ್ಯದ ಸುತ್ತಲೇ ಇದೆ. ಕೈ ಬೀಸುವುದು, ಕಾಲು ಬಡಿಯುವುದು ಆಮೇಲಿನ ಮಾತು. ಈಜಿನ ಮೊದಲ ಪಾಠ ಮುಖ ನೀರಿಗಿಟ್ಟು, ಕಣ್ಣು ಬಿಟ್ಟು, ಮೂಗಿನಿಂದ ಬಾಯಿಂದ ಗುಳುಗುಳು ಉಸಿರು ಬಿಡುವುದು. ತಲೆ ಮೇಲೆತ್ತಿದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ಕಾಲು ಮುಳುಗುತ್ತದೆ. ತಲೆಯನ್ನು ನೀರಿಗೆ ಒರಗಿಸಿದರೆ ಎದೆಗೂಡಿನಲ್ಲಿರುವ ಗಾಳಿಯೇ ಮೈಯನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಯಾವ ಸಾಮಾನು ಕೈಗೆತ್ತಿಕೊಂಡರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಖ ನೀರಿಗಿಡಲು ಇದು ನೆರವಾಗುತ್ತದೆಯೇ, ಅಡ್ಡಿಯಾಗುತ್ತದೆಯೇ?

ನಾನು ಈಜು ಕಲಿತದ್ದು ಮದ್ದೂರಿನ ಕಡೆ, ಸೋದರಮಾವನ ತೋಟದ ಬಾವಿಯಲ್ಲಿ. ಸೊಂಟಕ್ಕೆ ಕತ್ತಾಳೆ ಬೆಂಡು, ಹಗ್ಗದ ಇನ್ನೊಂದು ತುದಿ ಮಾವನ ಕೈಯಲ್ಲಿ. ನಮಗಿಂತ ಹಿಂದಿನವರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತರು, ನಮ್ಮ ನಂತರದವರು ಟ್ಯೂಬು, ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡರು. ಮಾವ ನಮಗೆ ಗೊತ್ತಾಗದಂತೆ ಬೆಂಡಿನ ತುಂಡನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಒಂದು ದಿನ ನೋಡಿಕೊಂಡರೆ ಸೊಂಟದಲ್ಲಿ ಬರೀ ಹಗ್ಗ. ಅವರು ದಿನಾ ಹೇಳುತ್ತಿದ್ದದ್ದು ಒಂದೇ ಮಾತು, "ಕಣ್ ಬುಡು ಮಗ, ನೀರು ಏನೂ ಮಾಡಾಕಿಲ್ಲ." ಬಾವಿಯ ನೀರಿಗೆ ಆ ಮಾತು ಸಲ್ಲುತ್ತಿತ್ತು. ಕೊಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆದ್ದರಿಂದ ಇಲ್ಲಿ ಗಾಗಲ್ಸ್ ಬೇಕು.

ಚೆನ್ನಾಗಿ ನೋಡಿಕೊಳ್ಳುವ ಕೊಳದಲ್ಲಿ ಹತ್ತು ಲಕ್ಷ ಪಾಲು ನೀರಿಗೆ 1ರಿಂದ 3 ಪಾಲು ಕ್ಲೋರಿನ್ ಇಡುತ್ತಾರೆ. ನೀರಿನ ಹುಳಿ-ಕ್ಷಾರದ ಅಳತೆ, ಅಂದರೆ ಪಿಎಚ್, 7.2ರಿಂದ 7.8ರ ನಡುವೆ. ಅಷ್ಟಿದ್ದರೆ ಕಣ್ಣಿಗೆ ಹೆಚ್ಚು ತೊಂದರೆಯಿಲ್ಲ. ಕಣ್ಣು ಕೆಂಪಾಗಿ ಉರಿಯುವುದು, ಮೂಗಿಗೆ ಆ ಘಾಟು ಹೊಡೆಯುವುದು ಬಹುಮಟ್ಟಿಗೆ ಕ್ಲೋರಮೈನಿನಿಂದ. ನಮ್ಮ ಬೆವರು, ಮೂತ್ರ, ಮೈಯ ಕೊಳೆ ಕ್ಲೋರಿನ್ ಜೊತೆ ಸೇರಿ ಆಗುವ ವಸ್ತು ಅದು. ನೀರಿಗಿಳಿಯುವ ಮುಂಚೆ ಶವರಿನಡಿ ನಿಂತು ಮೈ ತಿಕ್ಕಿಕೊಳ್ಳಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಅದಕ್ಕೆ ಕಾಸು ಖರ್ಚಿಲ್ಲ, ಎಲ್ಲರ ಕಣ್ಣೂ ಉಳಿಯುತ್ತದೆ.

ಗಾಗಲ್ಸಿಗೆ ಉರಿ ಒಂದು ಕಾರಣವಾದರೆ ಮಸುಕು ಇನ್ನೊಂದು. ನೀರೊಳಗೆ ಬರಿಗಣ್ಣು ಬಿಟ್ಟರೆ ಎಲ್ಲ ಕದಡಿದಂತೆ ಕಾಣುತ್ತದಲ್ಲ? ನಮ್ಮ ಕಣ್ಣು ಬೆಳಕನ್ನು ಬಗ್ಗಿಸುವ ಶಕ್ತಿಯಲ್ಲಿ ಮೂರನೇ ಎರಡರಷ್ಟು ಕೆಲಸ ಮಾಡುವುದು ಮುಂಭಾಗದ ಪಾರದರ್ಶಕ ಪೊರೆ, ಕಾರ್ನಿಯಾ. ಗಾಳಿಯಿಂದ ಕಣ್ಣಿಗೆ ಬರುವ ಬೆಳಕನ್ನು ಅದು ಚೆನ್ನಾಗಿ ಬಗ್ಗಿಸುತ್ತದೆ. ಬೆಳಕು ಬಗ್ಗಿಸುವುದರಲ್ಲಿ ನೀರಿನ ಗುಣವೂ ಕಾರ್ನಿಯಾದ ಗುಣವೂ ಹತ್ತಿರ ಹತ್ತಿರ ಇರುವುದರಿಂದ ನೀರಿನಲ್ಲಿ ಆ ಬಾಗು ಹೆಚ್ಚುಕಮ್ಮಿ ಇಲ್ಲವಾಗುತ್ತದೆ. ಗಾಗಲ್ಸ್ ಮಾಡುವುದು ಇಷ್ಟೇ: ಕಣ್ಣಿನ ಮುಂದೆ ಒಂದು ಚಿಟಿಕೆ ಗಾಳಿ ಹಿಡಿದಿಡುತ್ತದೆ. ಕೊಳದ ತಳದ ಕಪ್ಪು ಗೆರೆ, ಟೈಲ್ಸು, ಪಕ್ಕದವರ ಕಾಲು ಎಲ್ಲ ತಟ್ಟನೆ ಸ್ಪಷ್ಟವಾಗುತ್ತದೆ. ಹಾಗೆ ಕಂಡಾಗ ವಸ್ತುಗಳು ನಿಜಕ್ಕಿಂತ ಹತ್ತಿರ ಇದ್ದಂತೆ ತೋರುತ್ತವೆ. ನಾಲ್ಕು ಅಡಿ ದೂರದ ಗೋಡೆ ಮೂರೇ ಅಡಿಯಲ್ಲಿದ್ದ ಹಾಗೆ. ಮೊದಲ ದಿನಗಳಲ್ಲಿ ಗೋಡೆ ಹಿಡಿಯಲು ಕೈ ಚಾಚಿ ಸಿಗದೆ ಗಾಬರಿಯಾಗುವವರು ತುಂಬ ಜನ. ಕೈ ಇನ್ನೊಂದಿಷ್ಟು ಚಾಚಿ, ಸಿಗುತ್ತದೆ.

1926ರಲ್ಲಿ ಇಂಗ್ಲಿಷ್ ಕಾಲುವೆ ಈಜಿ ದಾಟಿದ ಮೊದಲ ಮಹಿಳೆ ಗರ್ಟ್ರೂಡ್ ಎಡರ್ಲಿ. ಆಕೆಯ ಗಾಗಲ್ಸಿಗೆ ನೀರು ನುಗ್ಗದಂತೆ ಸಂದುಗಳಿಗೆ ಕರಗಿಸಿದ ಮೇಣ ಮೆತ್ತಿದ್ದರು. ಇವತ್ತು ಆ ಮೇಣದ ಕೆಲಸವನ್ನು ಮೆತ್ತನೆಯ ಸಿಲಿಕೋನ್ ಅಂಚು ಮಾಡುತ್ತದೆ. ಕೊಳ್ಳುವಾಗ ನೀವು ನೋಡಬೇಕಾದದ್ದು ಆ ಅಂಚನ್ನೇ. ಬ್ರ್ಯಾಂಡು ಆಮೇಲೆ, ಬಣ್ಣ ಅದಕ್ಕೂ ಆಮೇಲೆ. ಅಂಚು ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಬೇಡ. ಸ್ಪಂಜಿನದಾದರೆ ಬೇಗ ಹಳಸುತ್ತದೆ.

ಅಳತೆ ನೋಡುವುದು ಹೀಗೆ. [ಇಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ಕರೆದು ಹಾಕಿ ತೋರಿಸಿದೆ.] ಪಟ್ಟಿಯನ್ನು ತಲೆಗೆ ಹಾಕಲೇಬೇಡಿ. ಬರೀ ಎರಡು ಗಾಜನ್ನು ಕಣ್ಣುಗುಳಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಎರಡು ಮೂರು ಸೆಕೆಂಡು ತಾನಾಗಿ ಕಚ್ಚಿಕೊಂಡು ನಿಲ್ಲಬೇಕು. ನೋಡಿ, ಇವಳಿಗೆ ಎಡಗಡೆ ನಿಂತಿತು, ಬಲಗಡೆ ಬಿತ್ತು. ಮೂಗಿನ ಸೇತುವೆ ಇವಳಿಗೆ ಅಗಲವಾಯಿತು. ಸೇತುವೆಯ ತುಂಡು ಬದಲಿಸಲು ಬರುವಂಥ ಗಾಗಲ್ಸ್ ಇರುತ್ತವೆ, ಡಬ್ಬಿಯಲ್ಲಿ ಮೂರು ಅಳತೆಯ ತುಂಡು ಕೊಟ್ಟಿರುತ್ತಾರೆ. ಮಧ್ಯದ್ದನ್ನು ತೆಗೆದು ಚಿಕ್ಕದು ಹಾಕೋಣ. ಈಗ ನೋಡಿ, ಎರಡೂ ನಿಂತಿತು. ಒತ್ತಿದಾಗಲೇ ನಿಲ್ಲದ ಗಾಗಲ್ಸು ಪಟ್ಟಿ ಎಷ್ಟು ಬಿಗಿದರೂ ನೀರು ಬಿಡುತ್ತದೆ. ನಮ್ಮವರು ಮಾಡುವ ತಪ್ಪು ಅದೇ: ನೀರು ಬಂತು ಅಂತ ಬಿಗಿಯುತ್ತಾರೆ, ಮತ್ತೂ ಬಂತು ಅಂತ ಇನ್ನೂ ಬಿಗಿಯುತ್ತಾರೆ. ಮನೆಗೆ ಹೋಗುವಾಗ ಕಣ್ಣಿನ ಸುತ್ತ ಕೆಂಪು ಬಳೆ, ತಲೆನೋವು. ಬಿಗಿತ ಅಂಚನ್ನು ತಿರುಚುತ್ತದೆ, ಅದರಿಂದಲೇ ನೀರು ನುಗ್ಗುತ್ತದೆ. ಪಟ್ಟಿ ಕಿವಿಯ ಮೇಲಿಂದ ಹೋಗಿ ತಲೆಯ ಹಿಂಭಾಗದ ಉಬ್ಬಿದ ಎಲುಬಿನ ಮೇಲ್ಗಡೆ ಕೂರಬೇಕು, ಕುತ್ತಿಗೆಯ ಕಡೆ ಅಲ್ಲ.

ಮಂಜು ಕಟ್ಟುವುದರ ಬಗ್ಗೆ ಎಲ್ಲರೂ ಕೇಳುತ್ತೀರಿ. ಮುಖ ಬೆಚ್ಚಗೆ, ನೀರು ತಣ್ಣಗೆ. ಒಳಗಿನ ತೇವ ಗಾಜಿನ ಮೇಲೆ ಹನಿಗಟ್ಟುತ್ತದೆ. ಹೊಸ ಗಾಗಲ್ಸಿನ ಒಳಮೈಗೆ ಇದನ್ನು ತಡೆಯುವ ತೆಳುವಾದ ಲೇಪ ಇರುತ್ತದೆ. ನೀವು ಬೆರಳಿನಿಂದ ಒಮ್ಮೆ ಉಜ್ಜಿದರೆ ಅದು ಹೋಗಲು ಶುರು. ಮಂಜು ಬಂದರೆ ಕೊಳದ ನೀರಿನಲ್ಲಿ ಒಮ್ಮೆ ಅದ್ದಿ ಕೊಡವಿ ಹಾಕಿಕೊಳ್ಳಿ. ಈಜು ಮುಗಿದ ಮೇಲೆ ನಲ್ಲಿ ನೀರಿನಲ್ಲಿ ತೊಳೆದು, ಒರೆಸದೆ, ನೆರಳಿನಲ್ಲಿ ಆರಲು ಬಿಡಿ. ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಬಿಸಿಲಿಗೆ ಸಿಲಿಕೋನ್ ಕೂಡ ಸೊರಗುತ್ತದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ನಮ್ಮದು ಮೇಲೆ ಚಾವಣಿ ಇಲ್ಲದ ಕೊಳ. ಬೆಳಿಗ್ಗೆ ಆರರ ಬ್ಯಾಚಿಗೆ ಬಿಳಿ ಗಾಜು ಸಾಕು, ಒಂಬತ್ತರ ನಂತರದ ಬ್ಯಾಚಿನವರಿಗೆ ಕಂದು ಛಾಯೆಯದು ಹಿತ. ಟೋಕಿಯೊ ಒಲಿಂಪಿಕ್ಸಿಗೆ ಹೋದ ನಮ್ಮ ಶ್ರೀಹರಿ ನಟರಾಜ್, 14ನೇ ವಯಸ್ಸಿಗೆ 2024ರ ಪ್ಯಾರಿಸಿಗೆ ಹೋದ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಘು, ಇವರನ್ನು ಟಿವಿಯಲ್ಲಿ ನೋಡಿದ ಮಕ್ಕಳು ಕನ್ನಡಿಯಂತೆ ಹೊಳೆಯುವ ಪುಟ್ಟ ರೇಸಿಂಗ್ ಗಾಗಲ್ಸ್ ಬೇಕೆನ್ನುತ್ತಾರೆ. ಅವರನ್ನು ನೋಡಿ ಆಸೆಪಡುವುದು ಬಹಳ ಒಳ್ಳೆಯದು. ಆದರೆ ರೇಸಿನ ಗಾಗಲ್ಸಿನ ಅಂಚು ತೆಳು, ಕಣ್ಣಿಗೆ ಅಂಟಿ ಕೂರುವಂಥದ್ದು. ಕಲಿಯುವ ಮಗುವಿಗೆ ಅಗಲ ಅಂಚಿನದೇ ಹಿತ.

ಕನ್ನಡಕ ಹಾಕುವವರು ದಯವಿಟ್ಟು ಗಮನವಿಟ್ಟು ಕೇಳಿ. ಪವರ್ ಇರುವ ಈಜು ಗಾಗಲ್ಸ್ ಸಿಗುತ್ತವೆ, ಸಾಮಾನ್ಯವಾಗಿ ಮೈನಸ್ ಪವರಿನವು, ಅರ್ಧರ್ಧ ಅಂತರದಲ್ಲಿ. ಸಿಲಿಂಡರ್ ಪವರ್ ಇದ್ದವರು ನಿಮ್ಮ ಕಣ್ಣಿನ ಚೀಟಿ ತೋರಿಸಿ, ಹತ್ತಿರದ ಪವರ್ ಯಾವುದೆಂದು ಕನ್ನಡಕದ ಅಂಗಡಿಯವರಿಂದಲೇ ಕೇಳಿಕೊಳ್ಳಿ. ಹೋದ ವರ್ಷ ಲೇಡೀಸ್ ಬ್ಯಾಚಿನಲ್ಲಿ ಮೈನಸ್ ಐದರ ಒಬ್ಬರಿದ್ದರು. ಕಟ್ಟೆಯ ಮೇಲೆ ನಿಂತ ನಾನು ಕೈಯಲ್ಲಿ ತೋರಿಸುವುದು ಅವರಿಗೆ ಕಾಣುತ್ತಲೇ ಇರಲಿಲ್ಲ. ಮಾತು ಕೇಳುವುದಿಲ್ಲ ಅಂತ ನಾನು ಎರಡು ದಿನ ತಪ್ಪು ತಿಳಿದಿದ್ದೆ. ಪವರಿನ ಗಾಗಲ್ಸ್ ಹಾಕಿ ಬಂದ ದಿನ ಅವರು ಕೊಳದ ಆ ತುದಿಯ ಗಡಿಯಾರ ನೋಡಿ ಗಂಟೆ ಹೇಳಿದರು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಮಾತ್ರ ನೀರಿಗಿಳಿಯಬೇಡಿ. ನೀರಿನಲ್ಲಿ ಇರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿಕೊಂಡರೆ ಕಾರ್ನಿಯಾವನ್ನೇ ಹಾಳುಗೆಡವುತ್ತದೆ, ದೃಷ್ಟಿಗೇ ಅಪಾಯ. ಕ್ಲೋರಿನ್ ಇದ್ದರೂ ಅದು ಬದುಕುಳಿಯಬಲ್ಲದು. ಈ ಒಂದು ಮಾತಿನಲ್ಲಿ ನನ್ನ ಹತ್ತಿರ ರಿಯಾಯಿತಿ ಇಲ್ಲ.

ಮೂಗೂ ಮುಚ್ಚುವ ದೊಡ್ಡ ಮಾಸ್ಕ್ ತರಬಹುದೇ ಎಂದು ಒಬ್ಬರು ಫೋನಿನಲ್ಲಿ ಕೇಳಿದ್ದರು. ಅದು ಸಮುದ್ರದಲ್ಲಿ ಆಳಕ್ಕೆ ಹೋಗುವವರದ್ದು. ಮೂಗು ಒಳಗಿದ್ದರೆ ಅವರು ಮೂಗಿನಿಂದ ಗಾಳಿ ಊದಿ ಒತ್ತಡ ಸರಿ ಮಾಡಿಕೊಳ್ಳುತ್ತಾರೆ. ನಮಗೆ ಮೂಗಿನಿಂದ ನೀರಿಗೆ ಉಸಿರು ಬಿಡುವುದೇ ಪಾಠ, ಆದ್ದರಿಂದ ಮಾಸ್ಕ್ ಬೇಡ. ಆ ಒತ್ತಡದ ಕಾರಣಕ್ಕೇ ಈಜಿನ ಗಾಗಲ್ಸ್ ಹಾಕಿಕೊಂಡು ಹನ್ನೆರಡು ಅಡಿ ಆಳದ ಕಡೆ ತಳ ಮುಟ್ಟುವ ಪಂದ್ಯ ಕಟ್ಟಬೇಡಿ. ಒಳಗಿನ ಒತ್ತಡ ಸರಿ ಮಾಡಲು ದಾರಿಯಿಲ್ಲ, ಕಣ್ಣುಗುಡ್ಡೆಯನ್ನೇ ಹೀರಿದಂತಾಗುತ್ತದೆ.

2008ರ ಬೀಜಿಂಗ್ ಒಲಿಂಪಿಕ್ಸಿನ 200 ಮೀಟರ್ ಬಟರ್‌ಫ್ಲೈ ಫೈನಲ್ಲಿನಲ್ಲಿ ಮೈಕೆಲ್ ಫೆಲ್ಪ್ಸ್ ಗಾಗಲ್ಸಿನೊಳಗೆ ನೀರು ತುಂಬಿತು. ಗೋಡೆ ಕಾಣುತ್ತಿರಲಿಲ್ಲ. ಕೈ ಎಷ್ಟು ಸಲ ಬೀಸಿದರೆ ಗೋಡೆ ಬರುತ್ತದೆಂದು ಎಣಿಸುತ್ತ ಈಜಿದ ಅವರು 1 ನಿಮಿಷ 52.03 ಸೆಕೆಂಡಿನಲ್ಲಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಇದನ್ನು ಹೇಳುವುದೇಕೆಂದರೆ, ಗಾಗಲ್ಸಿಗೆ ನೀರು ಬಂದರೆ ಏನೂ ಮುಳುಗಿಹೋಗುವುದಿಲ್ಲ. ನಮ್ಮ ಕೊಳದ ಈ ತುದಿಯಲ್ಲಿ ಮೂರೂವರೆ ಅಡಿ ನೀರು. ನಿಂತುಕೊಳ್ಳಿ, ಚೆಲ್ಲಿ, ಮತ್ತೆ ಹಾಕಿಕೊಳ್ಳಿ. ಮೂರನೇ ವಾರದಲ್ಲಿ ನಾನೇ ನಿಮ್ಮಿಂದ ಗಾಗಲ್ಸಿಗೆ ಬೇಕೆಂದೇ ನೀರು ತುಂಬಿಸಿ ಐದು ಅಡಿ ಈಜಿಸುತ್ತೇನೆ.

ಇನ್ನು ಬಟ್ಟೆ. ಇಲ್ಲಿರುವ ಹೆಂಗಸರಲ್ಲಿ ಎಷ್ಟೋ ಜನ ಇದೊಂದು ಕಾರಣಕ್ಕೆ ವರ್ಷಗಟ್ಟಲೆ ಈಜಿನಿಂದ ದೂರ ಉಳಿದವರು ಅಂತ ನನಗೆ ಗೊತ್ತು. "ನಮ್ಮ ಮನೇಲಿ ಒಪ್ಪಲ್ಲ ಮೇಡಂ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ಪರಿಹಾರವೆಂದು ಚೂಡಿದಾರದಲ್ಲೇ ಇಳಿಯುತ್ತೇನೆ ಅನ್ನುತ್ತೀರಿ. ಮನೆಗೆ ಹೋಗಿ ಒಂದು ಕೆಲಸ ಮಾಡಿ. ಹತ್ತಿಯ ಚೂಡಿದಾರವನ್ನು ಬಕೆಟ್ಟಿನಲ್ಲಿ ನೆನೆಸಿ, ಹಿಂಡದೆ ಒಂದೇ ಕೈಯಲ್ಲಿ ಎತ್ತಿ ನೋಡಿ. ಅಷ್ಟು ನೀರು ಹೀರಿದ ಬಟ್ಟೆಯನ್ನು ಎಳೆದುಕೊಂಡು ನೀವು ಈಜಬೇಕು. ಕುರ್ತಾದ ಅಂಚು ಬಲೂನಿನಂತೆ ಉಬ್ಬಿ ಎದೆಗೆ, ಮುಖಕ್ಕೆ ಬರುತ್ತದೆ, ಪ್ಯಾಂಟು ಕಾಲಿಗೆ ಸುತ್ತಿಕೊಳ್ಳುತ್ತದೆ. ಹತ್ತಿಯ ಎಳೆ ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತದೆ, ಬಣ್ಣ ನೀರಿಗೆ ಬಿಡುತ್ತದೆ. ನಾವು ಹತ್ತಿ ಬೇಡ ಅನ್ನುವುದು ನಿಮ್ಮ ಜೀವದ ಮೇಲಿನ ಕಾಳಜಿಯಿಂದ.

ಹತ್ತಿ ಬೇಡ ಅಂದರೆ ಮೈ ಕಾಣಲೇಬೇಕು ಅಂತಲ್ಲ. ಮೊಣಕಾಲುದ್ದದ್ದು, ಪಾದದ ಗಂಟಿನವರೆಗೆ ಬರುವುದು, ಪೂರ್ತಿ ತೋಳಿನದು, ಮೇಲೊಂದು ಫ್ರಾಕು ಇರುವುದು ಎಲ್ಲ ಬಗೆಯ ಕಾಸ್ಟ್ಯೂಮ್ ನೈಲಾನ್ ಲೈಕ್ರಾದಲ್ಲಿ, ಪಾಲಿಯೆಸ್ಟರಿನಲ್ಲಿ ಸಿಗುತ್ತವೆ. ತಲೆಯೂ ಮುಚ್ಚುವಂಥದ್ದು ಬೇಕಾದವರಿಗೆ ಬುರ್ಕಿನಿ ಇದೆ. ಆಸ್ಟ್ರೇಲಿಯಾದ ಅಹೇದಾ ಝನೆಟ್ಟಿ ಎಂಬ ವಿನ್ಯಾಸಕಿ 2004ರಲ್ಲಿ ರೂಪಿಸಿದ್ದು. ನಮ್ಮಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಬಟ್ಟೆ ಎಷ್ಟು ಮುಚ್ಚುತ್ತದೆ ಎನ್ನುವುದು ನಿಮ್ಮ ಇಷ್ಟ. ನೀರು ಹೀರದಿರುವುದು, ಮೈಗೆ ಅಂಟಿ ಕೂರುವುದು, ಇವೆರಡೇ ನನ್ನ ಷರತ್ತು. ನೀರಿನಲ್ಲಿದ್ದಾಗ ಬಟ್ಟೆಯ ಕಡೆ ಲಕ್ಷ್ಯ ಹೋಗಬಾರದು. ಒಂದು ಕೈಯಲ್ಲಿ ಬಟ್ಟೆ ಎಳೆದುಕೊಳ್ಳುತ್ತಿದ್ದರೆ ಆ ಕೈ ಈಜುವುದು ಯಾವಾಗ?

ಅಳತೆಗೆ ಒಂದು ಉಪಾಯ. ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ಒಮ್ಮೆ ಕುಕ್ಕರುಗಾಲಲ್ಲಿ ಕೂತು ಏಳಿ. ಹೆಗಲಿನ ಪಟ್ಟಿಯಡಿ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಒಣಗಿದ್ದಾಗ ಕೊಂಚ ಬಿಗಿ ಅನ್ನಿಸಿದರೆ ಸರಿ, ನೀರಿನಲ್ಲಿ ಹಿಗ್ಗುತ್ತದೆ. ಗಂಡಸರು ಮೊಣಕಾಲಿಗಿಂತ ಸ್ವಲ್ಪ ಮೇಲೆ ನಿಲ್ಲುವ ಬಿಗಿ ಈಜು ಚಡ್ಡಿ, ಅಂದರೆ ಜಾಮರ್ ತನ್ನಿ. ಜೇಬಿರುವ ಬರ್ಮುಡಾದಲ್ಲಿ ಗಾಳಿಯೂ ನೀರೂ ತುಂಬಿ ಎಳೆಯುತ್ತದೆ. ಒಳಗೆ ಹತ್ತಿಯ ಒಳಚಡ್ಡಿಯೂ ಬೇಡ. ಸೊಂಟದ ದಾರವನ್ನು ಗಂಟು ಹಾಕಿ ಒಳಕ್ಕೆ ಸೇರಿಸಿ, ಮಕ್ಕಳಿಗೆ ನೀವೇ ಹಾಕಿಕೊಡಿ.

ದುಬಾರಿ ಕಾಸ್ಟ್ಯೂಮ್ ಹಾಕಿದರೆ ಬೇಗ ಕಲಿಯಬಹುದೇ? 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಪಾಲಿಯುರೆಥೇನ್ ಮೈಯಂಗಿ ಹಾಕಿದವರ ಆರ್ಭಟದಲ್ಲಿ 43 ವಿಶ್ವದಾಖಲೆಗಳು ಮುರಿದವು. ಅದರ ಮರುವರ್ಷದಿಂದಲೇ ಅಂಥ ಉಡುಪನ್ನು ಸ್ಪರ್ಧೆಯಲ್ಲಿ ನಿಷೇಧಿಸಿದರು. ಬಟ್ಟೆಯಿಂದ ವೇಗ ಬರುವುದು ನಿಜ, ಆದರೆ ಅದು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಹೋರಾಡುವವರ ಲೆಕ್ಕ. ನಿಮಗೆ ಬೇಕಾದ್ದು ಬಾಳಿಕೆ. ಲೈಕ್ರಾವನ್ನು ಕ್ಲೋರಿನ್ ತಿನ್ನುತ್ತದೆ. ಲೇಬಲ್ ತಿರುಗಿಸಿ ನೋಡಿ. ಪಾಲಿಯೆಸ್ಟರ್ ಮತ್ತು ಪಿಬಿಟಿ ಎಂದಿದ್ದರೆ ದಿನಾ ಈಜುವವರಿಗೆ ಹೆಚ್ಚು ಕಾಲ ಬರುತ್ತದೆ. ಮನೆಗೆ ಹೋದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಕಿ. ವಾಷಿಂಗ್ ಮೆಷಿನ್, ಬಿಸಿನೀರು, ಬ್ರಷ್ಷು ಬೇಡ. ತಿಂಗಳಿಗೊಮ್ಮೆ ಹಿಂಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆಳಕು ತೂರಿ ಬಂದರೆ ಹೊಸದು ಕೊಳ್ಳುವ ಕಾಲ ಬಂತು.

ಒಡವೆಯ ಮಾತು. ಬಳೆ, ಕಾಲುಗೆಜ್ಜೆ, ಜುಮುಕಿ ಮನೆಯಲ್ಲೇ ಬಿಟ್ಟು ಬನ್ನಿ. ಒಬ್ಬರ ಕಾಲುಗೆಜ್ಜೆ ಪಕ್ಕದವರ ಕಾಸ್ಟ್ಯೂಮಿಗೆ ಸಿಕ್ಕಿಕೊಂಡದ್ದನ್ನು ನಾನು ನೀರಿನಲ್ಲೇ ಬಿಡಿಸಿದ್ದೇನೆ. ತಾಳಿ ಸರ ತೆಗೆಯಲು ಮನಸ್ಸಿಲ್ಲದವರು ಕುತ್ತಿಗೆ ಮುಚ್ಚುವ ಕಾಸ್ಟ್ಯೂಮ್ ತೆಗೆದುಕೊಂಡು ಸರವನ್ನು ಒಳಗೆ ಸೇರಿಸಿಕೊಳ್ಳಿ. ಪಿನ್ನು ಮಾತ್ರ ಚುಚ್ಚಿಕೊಳ್ಳಬೇಡಿ.

ಕ್ಯಾಪ್ ಹಾಕಿದರೆ ಕೂದಲು ಒದ್ದೆಯಾಗುವುದಿಲ್ಲ ಅಂತ ನಂಬಿದವರಿಗೆ ಮೊದಲ ದಿನವೇ ನಿರಾಸೆ. ಕ್ಯಾಪ್ ಇರುವುದು ಕೂದಲು ಕಣ್ಣಿಗೆ, ಬಾಯಿಗೆ ಬರದಿರಲಿ, ಉದುರಿದ್ದು ಫಿಲ್ಟರಿಗೆ ಹೋಗದಿರಲಿ ಅಂತ. ಉಸಿರು ತೆಗೆಯಲು ತಲೆ ತಿರುಗಿಸಿದಾಗ ಬಾಯಿಗೆ ಒದ್ದೆ ಕೂದಲು ಅಂಟಿದರೆ ಹೊಸಬರಿಗೆ ಉಸಿರೇ ಕಟ್ಟಿದಂತಾಗುತ್ತದೆ. ಬಟ್ಟೆಯ ಕ್ಯಾಪ್ ಹಿತ, ಆದರೆ ಬೇಗ ಜಾರುತ್ತದೆ. ಲೇಟೆಕ್ಸ್ ಅಗ್ಗ, ಆದರೆ ಕೂದಲು ಕೀಳುತ್ತದೆ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಸಿಲಿಕೋನ್ ತೆಗೆದುಕೊಳ್ಳಿ. ಉದ್ದ ಜಡೆಯವರು ಎತ್ತರಕ್ಕೆ ತುರುಬು ಕಟ್ಟಬೇಡಿ, ಕುತ್ತಿಗೆಯ ಹತ್ತಿರ ಚಪ್ಪಟೆಯಾಗಿ ಸುತ್ತಿ. ದಟ್ಟ ಕೂದಲಿಗೆಂದೇ ದೊಡ್ಡ ಅಳತೆಯ ಕ್ಯಾಪ್ ಇರುತ್ತದೆ. ಟೋಕಿಯೊ ಒಲಿಂಪಿಕ್ಸಿಗೆ ಮುಂಚೆ ಅಂಥದೇ ಒಂದು ಕ್ಯಾಪಿಗೆ ವಿಶ್ವ ಈಜು ಒಕ್ಕೂಟ ಒಪ್ಪಿಗೆ ಕೊಡದೆ ದೊಡ್ಡ ಚರ್ಚೆಯಾಗಿತ್ತು, 2022ರಲ್ಲಿ ಒಪ್ಪಿದರು. ತಲೆಯ ಅಳತೆ ಎಲ್ಲರದೂ ಒಂದೇ ಅಲ್ಲ ಎನ್ನುವುದು ಅವರಿಗೂ ಅರ್ಥವಾಗಬೇಕಾಯಿತು.

ತಲೆಗೆ ಎಣ್ಣೆ ಹಚ್ಚಿಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ. ಕೂದಲಿಗೆ ಒಳ್ಳೆಯದಾಗಲಿ ಅಂತಲೇ ಹಚ್ಚುತ್ತೀರಿ. ಆದರೆ ಕ್ಯಾಪ್ ಜಾರುತ್ತದೆ, ಗಾಗಲ್ಸಿನ ಗಾಜಿಗೆ ಜಿಡ್ಡು, ನೀರಿನ ಮೇಲೆ ಎಣ್ಣೆಯ ಪೊರೆ. ಅದಕ್ಕೆ ಬದಲು, ಕ್ಯಾಪ್ ಹಾಕುವ ಮುಂಚೆ ತಲೆಯನ್ನು ಸಿಹಿನೀರಿನಲ್ಲಿ ಪೂರ್ತಿ ನೆನೆಸಿ. ಮೊದಲೇ ಒಳ್ಳೆಯ ನೀರು ಕುಡಿದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ಎಣ್ಣೆ ರಾತ್ರಿ ಮನೆಯಲ್ಲಿ ಹಚ್ಚಿ.

ಇಲ್ಲಿಯವರೆಗೆ ಹೇಳಿದ ಗಾಗಲ್ಸ್, ಕಾಸ್ಟ್ಯೂಮ್, ಕ್ಯಾಪ್ ಈ ಮೂರನ್ನು ನೀವು ಕೊಳ್ಳಬೇಕು. ತೇಲಿಸುವ ಸಾಮಾನು ಕೊಳ್ಳಬೇಡಿ, ನಮ್ಮಲ್ಲೇ ಇದೆ. ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲುವ ಹಲಗೆ, ಅಂದರೆ ಬೋರ್ಡ್ ಕೊಟ್ಟಾಗ ಅದರ ಮೇಲೆ ಮೊಣಕೈ ಊರಿ ತಲೆಯೆತ್ತಿ ಹೋಗುವವರೇ ಹೆಚ್ಚು. ಬೋರ್ಡಿನ ಕೆಳ ಅಂಚನ್ನು ಹಗುರವಾಗಿ ಹಿಡಿದು, ಕೈ ನೀಳವಾಗಿ ಚಾಚಿ, ಮುಖ ನೀರಿಗಿಟ್ಟರೆ ಅದರ ಉಪಯೋಗ. ತೊಡೆಗಳ ನಡುವೆ ಹಿಡಿಯುವ ಎಂಟರ ಆಕಾರದ ಪುಲ್ ಬಾಯ್ ಸೊಂಟವನ್ನು ಎತ್ತಿ ಹಿಡಿದು ಕೈಯ ಪಾಠಕ್ಕೆ ಅನುವು ಮಾಡಿಕೊಡುತ್ತದೆ. ಅದು ಎರಡನೇ ತಿಂಗಳಿಗೆ. ಫಿನ್ಸ್ ಇನ್ನೂ ಆಮೇಲೆ. ಕೈಗೆ ಹಾಕುವ ಪ್ಯಾಡಲ್ ಬೇಡವೇ ಬೇಡ, ಹೆಗಲು ಹದಗೊಳ್ಳದವರ ಕೀಲು ನೋಯುತ್ತದೆ.

ತೋಳಿನ ಗಾಳಿ ಬ್ಯಾಂಡಿನ ಬಗ್ಗೆ ತಾಯಂದಿರಿಗೆ ಒಂದು ಮಾತು. ಅದನ್ನು ಹಾಕಿದ ಮಗು ನೀರಿನಲ್ಲಿ ನೆಟ್ಟಗೆ ನಿಂತ ಹಾಗೆ ಇರುತ್ತದೆ, ಮುಖ ಮೇಲೆ, ಕಾಲು ಕೆಳಗೆ. ಈಜಲು ಮೈ ಅಡ್ಡಕ್ಕೆ ಮಲಗಬೇಕು. ಅಂದರೆ ಆ ಬ್ಯಾಂಡು ಮಗುವಿನ ಮೈಗೆ ಉಲ್ಟಾ ಪಾಠ ಕಲಿಸುತ್ತದೆ. ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಬ್ಯಾಂಡ್ ಹಾಕಿದ ಮಗು ತನಗೆ ಈಜು ಬರುತ್ತದೆ ಎಂದು ನಂಬುತ್ತದೆ, ನೀವೂ ಫೋನಿನ ಕಡೆ ತಿರುಗುತ್ತೀರಿ. ಬ್ಯಾಂಡು ಜಾರಬಹುದು, ಗಾಳಿ ಇಳಿಯಬಹುದು. ಬ್ಯಾಂಡ್ ಬಿಚ್ಚಿಟ್ಟದ್ದನ್ನು ಮರೆತು ಮಗು ನೀರಿಗೆ ಹಾರಬಹುದು. ಮುಳುಗುವ ಮಗು ಕೂಗುವುದಿಲ್ಲ, ಕೈ ಬಡಿದು ಸದ್ದು ಮಾಡುವುದೂ ಅಪರೂಪ. ನಮ್ಮ ಮಾವನ ಬೆಂಡಿಗೆ ಹಗ್ಗ ಇತ್ತು, ಹಗ್ಗಕ್ಕೆ ಮಾವನ ಕೈ ಇತ್ತು. ಸಣ್ಣ ಮಕ್ಕಳ ವಿಷಯದಲ್ಲಿ ಒಂದು ಕೈಯಳತೆಯಲ್ಲಿ ದೊಡ್ಡವರು ಇರಲೇಬೇಕು. ಅದಕ್ಕೆ ಬದಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೂಗಿನ ಕ್ಲಿಪ್ಪು ಬೇಡ, ಉಸಿರು ಬಿಡುವ ಪಾಠವೇ ನಿಂತುಹೋಗುತ್ತದೆ. ಸೈನಸ್ ತೊಂದರೆ ಇರುವವರು ಬಂದು ಮಾತಾಡಿ. ಕಿವಿಯ ಪರದೆಯಲ್ಲಿ ತೂತು ಇದ್ದವರು, ಕಿವಿ ಸೋರುವವರು ವೈದ್ಯರನ್ನು ಕೇಳದೆ ಇಳಿಯಬೇಡಿ. ಉಳಿದವರಿಗೆ ಪ್ಲಗ್ ಬೇಕಿಲ್ಲ, ನಾನು ಹೇಳುವುದು ಕೇಳಿಸಬೇಕು. ಕಿವಿಗೆ ನೀರು ಹೋದರೆ ತಲೆ ವಾಲಿಸಿ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆಯಿರಿ, ಬಡ್ಸ್ ಹಾಕಿ ತಿರುವಬೇಡಿ. ಒಂದು ಟವೆಲು, ಜಾರದ ರಬ್ಬರ್ ಚಪ್ಪಲಿ, ಒದ್ದೆ ಬಟ್ಟೆಗೆ ಚೀಲ, ಕುಡಿಯುವ ನೀರು. ನೀರಿನಲ್ಲಿದ್ದರೂ ಬೆವರುತ್ತೀರಿ, ಬಾಯಾರಿಕೆ ಗೊತ್ತಾಗುವುದಿಲ್ಲ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಹಿಂದೆ ಕೂತಿದ್ದ ಹಿರಿಯರೊಬ್ಬರು, "ನನಗೆ 63. ಕಣ್ಣಿನ ಪೊರೆ ಆಪರೇಷನ್ ಆಗಿ ಮೂರು ವಾರ ಆಯ್ತು. ಗಾಗಲ್ಸ್ ಹಾಕಿಕೊಂಡು ಬರಬಹುದಾ ಅಮ್ಮ?" ಎಂದರು. ಈಗ ಬೇಡ ಯಜಮಾನರೇ ಅಂದೆ. ನಿಮ್ಮ ಆಪರೇಷನ್ ಮಾಡಿದ ಡಾಕ್ಟರು ಸರಿ ಎಂದು ಹೇಳಿದ ದಿನ ಬನ್ನಿ, ನಿಮ್ಮ ಜಾಗ ಹಾಗೇ ಇರುತ್ತದೆ.

ಒಬ್ಬ ಹೆಣ್ಣುಮಗಳು ಚೀಟಿಯಲ್ಲಿ ಬರೆದು ಕಳಿಸಿದ್ದಳು, ಮುಟ್ಟಿನ ದಿನಗಳಲ್ಲಿ ಏನು ಮಾಡುವುದೆಂದು. ಒಳ್ಳೆಯ ಪ್ರಶ್ನೆ, ಎಲ್ಲರೆದುರು ಹೇಳುವಂಥದ್ದೇ. ಪ್ಯಾಡ್ ನೀರಿನಲ್ಲಿ ಕೆಲಸ ಮಾಡುವುದಿಲ್ಲ, ಕೊಳದ ನೀರನ್ನೇ ಹೀರಿ ಉಬ್ಬುತ್ತದೆ. ಮೆನ್‌ಸ್ಟ್ರುವಲ್ ಕಪ್ ಅಥವಾ ಟ್ಯಾಂಪನ್ ಬಳಸುವವರು ಧಾರಾಳವಾಗಿ ಬನ್ನಿ. ಬಳಸದವರು ಆ ದಿನ ಕಟ್ಟೆಯ ಮೇಲೆ ಕೂತು ಉಸಿರಾಟದ ಪಾಠ ಮಾಡಿ, ಹಾಜರಿ ಹಾಕುತ್ತೇನೆ. ಕಾರಣ ಯಾರೂ ಕೇಳುವುದಿಲ್ಲ.

"ಎಲ್ಲ ಒಟ್ಟಿಗೆ ಕೊಳ್ಳಲು ಈ ತಿಂಗಳು ಕಷ್ಟ, ಒಂದೇ ತರುವುದಾದರೆ?" ಎಂದರು ಇನ್ನೊಬ್ಬರು. ಗಾಗಲ್ಸ್ ತನ್ನಿ. ಕ್ಯಾಪ್ ನನ್ನ ಹತ್ತಿರ ಇದೆ, ಕಾಸ್ಟ್ಯೂಮಿಗೆ ಬದಲು ಬಿಗಿಯಾದ ಪಾಲಿಯೆಸ್ಟರಿನ ಆಟದ ಬಟ್ಟೆ, ಚೆನ್ನಾಗಿ ಒಗೆದದ್ದು, ಮೊದಲ ತಿಂಗಳಿಗೆ ನಡೆಯುತ್ತದೆ. ಗಾಗಲ್ಸ್ ಮಾತ್ರ ನಿಮ್ಮ ಕಣ್ಣಿನ ಅಳತೆಗೇ ಇರಬೇಕು, ಅಕ್ಕನದು ತಮ್ಮನಿಗೆ ಆಗುವುದಿಲ್ಲ.

ಈ ಮೇಜಿನ ಮೇಲೆ ಆರು ತರಹದ ಗಾಗಲ್ಸ್ ಇಟ್ಟಿದ್ದೇನೆ, ಪಕ್ಕದಲ್ಲಿ ಸ್ಪಿರಿಟ್ಟು, ಹತ್ತಿ. ಒಬ್ಬರು ನೋಡಿದ ಮೇಲೆ ಅಂಚನ್ನು ಒರೆಸಿ ಇನ್ನೊಬ್ಬರಿಗೆ ಕೊಡಿ, ಗಾಜಿನ ಒಳಮೈಗೆ ಕೈ ತಾಗಿಸಬೇಡಿ. ಪಟ್ಟಿ ಹಾಕದೆ ಒತ್ತಿ ಕೈ ಬಿಡಿ. ನಿಮಗೆ ನಿಂತದ್ದು ಯಾವುದೆಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಬನ್ನಿ, ಮಕ್ಕಳು ಮೊದಲು.